ಕೇಂದ್ರ ಬ್ಯಾಂಕಿನ ಒಲವು, ನಿನ್ನ ಉಳಿತಾಯ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

"ಕೇಂದ್ರ ಬ್ಯಾಂಕಿಗೇ ಬೆಲೆಯ ಹತೋಟಿಗಿಂತ ಆರ್ಥಿಕ ಬೆಳವಣಿಗೆ ಮುಖ್ಯವಾದರೆ ನಾನು ಕೂಡಿಟ್ಟದ್ದು ಕರಗಿಹೋಗುವುದಿಲ್ಲವೇ ದೊಡ್ಡಪ್ಪ?" ಎಂದು ಬರೆದಿದ್ದೀಯ. ಮಿಕ್ಕದ್ದೆಲ್ಲ ಮನೆಯವರಿಗೆ ಗೊತ್ತಿರುವುದೇ. ಈ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ.

ನಿನ್ನ ಭಯ ಸುಳ್ಳಲ್ಲ. ಬ್ಯಾಂಕು ಬೆಳವಣಿಗೆಯ ಕಡೆಗೇ ವಾಲುತ್ತದೆಂದು ಜನಕ್ಕೆ ಖಾತ್ರಿಯಾದರೆ, ಮುಂದಿನ ವರ್ಷದ ಬೆಲೆಯೇರಿಕೆಯನ್ನು ಈಗಲೇ ಕೂಲಿಗೂ ಬಾಡಿಗೆಗೂ ಸೇರಿಸಿಕೊಳ್ಳುತ್ತಾರೆ. ಆಮೇಲೆ ಬೆಳವಣಿಗೆಯೂ ದಕ್ಕುವುದಿಲ್ಲ, ಹಣದುಬ್ಬರವಷ್ಟೇ ಉಳಿಯುತ್ತದೆ. ಟರ್ಕಿಯಲ್ಲಿ 2021ರ ಸೆಪ್ಟೆಂಬರಿನಿಂದ ಬಡ್ಡಿ ದರವನ್ನು ಶೇ. 19ರಿಂದ ಇಳಿಸುತ್ತಾ ಡಿಸೆಂಬರಿಗೆ 14ಕ್ಕೆ ತಂದರು. ಅಲ್ಲಿನ ನಾಣ್ಯವಾದ ಲಿರಾ ಕುಸಿದು ಆಮದು ದುಬಾರಿಯಾಯಿತು. 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 85 ದಾಟಿತ್ತು. ಅದನ್ನು ಹಿಡಿದು ನಿಲ್ಲಿಸಲು 2024ರ ಮಾರ್ಚ್ ವೇಳೆಗೆ ಬಡ್ಡಿಯನ್ನು ಶೇ. 50ಕ್ಕೆ ಒಯ್ಯಬೇಕಾಯಿತು.

ಕಾನೂನಿನಲ್ಲಿ ಬ್ಯಾಂಕಿನ ಸ್ವಾಯತ್ತತೆ ಬರೆದಿದೆ ಎಂದು ಮಾತ್ರ ಸಮಾಧಾನಪಡಬೇಡ. ಅರ್ಥಶಾಸ್ತ್ರಜ್ಞ ಕುಕಿಯರ್ಮನ್ ಮತ್ತು ಸಂಗಡಿಗರು 1992ರಲ್ಲಿ ಅನೇಕ ದೇಶಗಳನ್ನು ಹೋಲಿಸಿದಾಗ, ಅಭಿವೃದ್ಧಿಶೀಲ ದೇಶಗಳ ಹಣದುಬ್ಬರಕ್ಕೆ ನಂಟು ಕಂಡದ್ದು ಕಾನೂನಿನ ಪಠ್ಯದ ಜೊತೆಗಲ್ಲ, ಕೇಂದ್ರ ಬ್ಯಾಂಕಿನ ಗವರ್ನರುಗಳು ಎಷ್ಟು ಬೇಗಬೇಗ ಬದಲಾಗುತ್ತಾರೆ ಎಂಬುದರ ಜೊತೆಗೆ. ಟರ್ಕಿಯಲ್ಲಿ 2019ರಿಂದ 2021ರೊಳಗೆ ಮೂವರನ್ನು ತೆಗೆದುಹಾಕಿದ್ದರು.

ನಮ್ಮ ಕಾಲದಲ್ಲಿ ಸರ್ಕಾರದ ಕೊರತೆಗೆ ರಿಸರ್ವ್ ಬ್ಯಾಂಕೇ ಆಡ್‌ಹಾಕ್ ಟ್ರೆಷರಿ ಬಿಲ್ಲುಗಳ, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರಗಳ ಮೂಲಕ ಹಣ ಒದಗಿಸುತ್ತಿತ್ತು. ಆ ಪದ್ಧತಿ ನಿಂತದ್ದು 1997ರಲ್ಲಿ. ಇನ್ನೂ ಬಹಳ ಮೊದಲೇ ನಿಲ್ಲಬೇಕಿತ್ತೆಂಬ ಕೊರಗು ನನಗೆ ಈಗಲೂ ಇದೆ.

ಹಾಗೆಂದು ಬಿಗಿ ಕೈಯೊಂದೇ ಮದ್ದಲ್ಲ. ಹಣದುಬ್ಬರವೆಂದರೆ ಸಮಾಜಕ್ಕಿಂತ ಹೆಚ್ಚು ಅಂಜುವವರನ್ನೇ ಗವರ್ನರ್ ಮಾಡಿ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ರೋಗಾಫ್ 1985ರಲ್ಲಿ ವಾದಿಸಿದರು. ಆದರೆ ಸರಕಿನ ಪೂರೈಕೆಗೇ ಹೊಡೆತ ಬಿದ್ದಾಗ ಉತ್ಪಾದನೆ ಹೆಚ್ಚು ಏರುಪೇರಾಗುತ್ತದೆಂಬ ಅದರ ತೊಡಕನ್ನೂ ಅವರೇ ತೋರಿಸಿದರು. ಹಣದುಬ್ಬರವನ್ನು ಅಳೆಯುವ ಭಾರತದ 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ಪಾಲೇ ಸುಮಾರು ಶೇ. 46 ಇತ್ತು. ಮಳೆ ಕೈಕೊಟ್ಟರೆ ಬಡ್ಡಿ ಏರಿಸಿ ಬೆಳೆ ತೆಗೆಯಲಾಗುತ್ತದೆಯೇ? ಒಳ್ಳೆಯ ಬ್ಯಾಂಕು ಆ ಮೊದಲ ಏರಿಕೆಯನ್ನು ತಾಳಿಕೊಂಡು, ಅದು ಕೂಲಿಗೆ, ಸಾಗಣೆಗೆ, ಸೇವೆಗಳಿಗೆ ಹಬ್ಬತೊಡಗಿದಾಗ ಬಿಗಿ ಮಾಡುತ್ತದೆ. ಆ ತಾಳ್ಮೆಯನ್ನು ಕಂಡು ಗಾಬರಿಯಾಗಬೇಡ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಬ್ಯಾಂಕಿನ ಒಲವು ಭಾಷಣದಲ್ಲಿ ಸಿಗುವುದಿಲ್ಲ, ನೈಜ ಬಡ್ಡಿಯಲ್ಲಿ ಸಿಗುತ್ತದೆ. ಕೇಂದ್ರ ಬ್ಯಾಂಕು ನಿಗದಿ ಮಾಡುವ ಬಡ್ಡಿಯಾದ ನೀತಿ ದರದಿಂದ ಮುಂದಿನ ಒಂದು ವರ್ಷಕ್ಕೆ ಅಂದಾಜಿಸಿದ ಹಣದುಬ್ಬರವನ್ನು ಕಳೆ. ದರ 4, ಹಣದುಬ್ಬರ 6 ಆದರೆ ಮೈನಸ್ 2. ಹಣದುಬ್ಬರ 1 ಅಂಶ ಏರಿದಾಗ ದರ ಅರ್ಧ ಅಂಶವಷ್ಟೇ ಏರಿದರೆ, ಮೇಲ್ನೋಟಕ್ಕೆ ಬಿಗಿಯಾದರೂ ನಿಜದಲ್ಲಿ ಸಡಿಲವಾಗಿದೆ. ಒಂದು ತ್ರೈಮಾಸಿಕ ಹೀಗಾದರೆ ಚಿಂತೆಯಿಲ್ಲ. ವರ್ಷಗಟ್ಟಲೆ ನಡೆದರೆ ನಿನ್ನ ಭಯ ನಿಜವಾಗುತ್ತಿದೆ ಎಂದೇ ತಿಳಿ.

ಉಳಿತಾಯದ ವಿಷಯದಲ್ಲಿ ನಾನು ಹೇಳಬಲ್ಲದ್ದು ಕಡಿಮೆ, ಬೇಸರಿಸಬೇಡ. ನೈಜ ಬಡ್ಡಿ ಸೊನ್ನೆಗಿಂತ ಕೆಳಗಿರುವಾಗ ಪೂರ್ತಿ ಹಣವನ್ನು ಒಂದೇ ದೀರ್ಘಾವಧಿ ಠೇವಣಿಗೆ ಕಟ್ಟಿಹಾಕಬೇಡ; ಒಂದು, ಎರಡು, ಮೂರು ವರ್ಷಗಳಿಗೆ ಹಂಚಿಡು. ದರ ಏರಿದಾಗ ಒಂದು ಭಾಗವಾದರೂ ಹೊಸ ದರಕ್ಕೆ ಸಿಗುತ್ತದೆ. ಕಳೆದ ನಾಲ್ಕು ತ್ರೈಮಾಸಿಕಗಳ ನೈಜ ಬಡ್ಡಿಯ ಲೆಕ್ಕ ಹಾಕಿ ಕಳಿಸು, ಕೂತು ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ