ಆ ಅಲೆ ಸುನಾಮಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಜಪಾನಿನ ಕಲೆ ಮತ್ತು ಸಂಸ್ಕೃತಿಯ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡದಲ್ಲಿ ಒಂದಿಡೀ ಪುಟವನ್ನು ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖನದ ಜೊತೆಗೆ ಅಚ್ಚಾಗಿದ್ದ ಜಪಾನಿ ಕಲಾವಿದ ಹೊಕುಸಾಯಿಯ ಪ್ರಸಿದ್ಧ ಅಲೆಯ ಚಿತ್ರಕ್ಕೆ ‘ಸುನಾಮಿ’ ಎಂಬ ಅಡಿಬರಹವಿತ್ತು. ಚಿತ್ರ ಎಲ್ಲಿಯದೆಂದು ಹೇಳಬೇಕಾದ ಜಾಗದಲ್ಲಿ ‘ಅಂತರ್ಜಾಲ ಕೃಪೆ’ ಎಂದಷ್ಟೇ ಇತ್ತು. ಕೊನೆಗೆ, ಹೆಚ್ಚಿನ ಮಾಹಿತಿ ಅಂತರ್ಜಾಲದಲ್ಲಿ ಹೇರಳವಾಗಿ ಸಿಗುತ್ತದೆ ಎಂಬ ಒಂದು ಸಾಲಿನೊಂದಿಗೆ ಓದುಗರನ್ನು ಬೀಳ್ಕೊಡಲಾಗಿತ್ತು. ಈ ಮೂರಕ್ಕೂ ಬೇರು ಒಂದೇ ಎಂದು ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹೊಕುಸಾಯ್ ಈ ಚಿತ್ರವನ್ನು ಸುಮಾರು 1831ರಲ್ಲಿ, ಫುಜಿ ಪರ್ವತದ ಮೂವತ್ತಾರು ನೋಟಗಳ ಮಾಲಿಕೆಗಾಗಿ ರಚಿಸಿದರು. (ಹೆಸರಿಗೆ ಮೂವತ್ತಾರಾದರೂ ಮಾಲಿಕೆಯಲ್ಲಿರುವ ಚಿತ್ರಗಳು 46, ಮೊದಲಿನವು ಚೆನ್ನಾಗಿ ಮಾರಾಟವಾದದ್ದರಿಂದ ಇನ್ನೂ ಹತ್ತು ಸೇರಿಕೊಂಡವು.) ಚಿತ್ರದ ಎಡ ಮೇಲ್ಮೂಲೆಯ ಪುಟ್ಟ ಚೌಕಟ್ಟಿನಲ್ಲಿ ಅದರ ಹೆಸರು ‘ಕನಗಾವ ಒಕಿ ನಮಿ ಉರ’ ಎಂದಿದೆ. ‘ಒಕಿ’ ಎಂದರೆ ದಡದಿಂದ ದೂರದ ಕಡಲು, ‘ನಮಿ’ ಎಂದರೆ ಅಲೆ, ‘ಉರ’ ಎಂದರೆ ಅದರ ಒಳಮಗ್ಗುಲು. ‘ತ್ಸುನಮಿ’ಯಲ್ಲಿರುವ ‘ತ್ಸು’ ಎಂಬುದಕ್ಕಾದರೋ ಬಂದರು ಎಂದು ಅರ್ಥ. ಸುನಾಮಿಯು ಆಳ ಕಡಲಿನಲ್ಲಿ ದೋಣಿಯವರ ಗಮನಕ್ಕೂ ಬಾರದಷ್ಟು ತಗ್ಗಾಗಿ ಹಾಯ್ದು, ದಡ ಸಮೀಪಿಸಿದಾಗ ಎತ್ತರಕ್ಕೇಳುತ್ತದೆ. ಹೊಕುಸಾಯ್ ಚಿತ್ರಿಸಿದ್ದು ದಡದಿಂದ ದೂರದ ಕಡಲಿನಲ್ಲಿ ಬಿರುಗಾಳಿಗೆ ಎದ್ದ ಅಲೆಯನ್ನು, ಅದರಡಿಯಲ್ಲಿ ಸಿಕ್ಕಿಕೊಂಡ ಮೂರು ದೋಣಿಗಳನ್ನು. ಅಂದರೆ ಅಡಿಬರಹದ ತಪ್ಪನ್ನು ತಿದ್ದುವ ಮಾತು ಚಿತ್ರದೊಳಗೇ ಇತ್ತು. ಅದನ್ನು ಓದಿ ಅರ್ಥ ಹೇಳುವ ವಸ್ತುಸಂಗ್ರಹಾಲಯದ ಪುಟಕ್ಕೆ ಹೋಗುವ ಬದಲು, ಯಾರೋ ಎಲ್ಲಿಂದಲೋ ತೆಗೆದು ಮತ್ತೆಲ್ಲೋ ಅಂಟಿಸಿದ ಪ್ರತಿಯನ್ನು ಎತ್ತಿಕೊಂಡದ್ದರಿಂದ ಈ ಪ್ರಮಾದವಾಯಿತು.

ಮೂಲ ಸಂಗ್ರಹಗಳಿಗೇ ಹೋದರೆ ಏನು ದಕ್ಕುತ್ತದೆಂಬುದನ್ನು ಇದೇ ಅಲೆಯ ಮೂಲಕ ಹೇಳುತ್ತೇನೆ. ಇದು ಮರದಚ್ಚಿನ ಮುದ್ರಣವಾದ್ದರಿಂದ ‘ಮೂಲ ಚಿತ್ರ’ ಎಂಬ ಒಂದೇ ಒಂದು ವಸ್ತುವಿಲ್ಲ. ಒಂದೇ ಅಚ್ಚಿನಿಂದ ತೆಗೆದ ಪ್ರತಿಗಳು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲೂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಇವೆ. ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಒಂದರಲ್ಲೇ ಮೂರಿವೆ. ಜಾನ್ ರೆಸಿಗ್ ಎಂಬ ಸಾಫ್ಟ್‌ವೇರ್ ತಂತ್ರಜ್ಞರು 2012ರಲ್ಲಿ ರೂಪಿಸಿದ ‘ಉಕಿಯೊ-ಎ ಡಾಟ್ ಆರ್ಗ್’ ಜಾಲತಾಣದಲ್ಲಿ ಹಲವು ಸಂಗ್ರಹಗಳಿಗೆ ಸೇರಿದ ಎರಡು ಲಕ್ಷಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳಿವೆ. ನಮ್ಮಲ್ಲಿರುವ ಒಂದು ಚಿತ್ರವನ್ನು ಅಲ್ಲಿ ಏರಿಸಿದರೆ ಅದನ್ನು ಹೋಲುವ ಪ್ರತಿಗಳನ್ನೆಲ್ಲ ಅದು ಹುಡುಕಿ ಮುಂದಿಡುತ್ತದೆ. ಅಂಥ ಎರಡು ಪ್ರತಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಹೆಸರಿನ ಚೌಕಟ್ಟಿನತ್ತ ಹಿಗ್ಗಿಸಿ ನೋಡಿ. ಮೊದಮೊದಲ ಪ್ರತಿಗಳಲ್ಲಿ ಚೌಕಟ್ಟಿನ ಗೆರೆ ಚೂಪಾಗಿ, ಗಟ್ಟಿಯಾಗಿದೆ. ಅಚ್ಚು ಸವೆದ ಮೇಲೆ ತೆಗೆದ ಪ್ರತಿಗಳಲ್ಲಿ ಅದೇ ಗೆರೆ ಅಲ್ಲಲ್ಲಿ ತುಂಡಾಗಿದೆ. ಒಂದರ ಆಕಾಶದಲ್ಲಿ ತೆಳುವಾದ ಗುಲಾಬಿ ಛಾಯೆ ಉಳಿದಿದ್ದರೆ ಮತ್ತೊಂದರಲ್ಲಿ ಅದು ಬೆಳಕಿಗೆ ಮಾಸಿ ಹೋಗಿದೆ. ಮರ, ಬಣ್ಣ, ಕಾಗದ, ಮುದ್ರಕನ ಕೈ ಇವೆಲ್ಲ ಸೇರಿ ಆದದ್ದು ಈ ಕಲೆ ಎಂಬುದು ಹತ್ತು ಲೇಖನಗಳನ್ನು ಓದಿದಾಗ ತಿಳಿಯದಷ್ಟು ಚೆನ್ನಾಗಿ ಆ ಹತ್ತು ನಿಮಿಷದಲ್ಲಿ ನನಗೆ ತಿಳಿಯಿತು.

ಜಪಾನಿನವೇ ಆದ ತಾಣಗಳಲ್ಲಿ ಮೊದಲು ಹೇಳಬೇಕಾದದ್ದು ‘ಕೊಲ್‌ಬೇಸ್’. ಟೋಕಿಯೊ, ಕ್ಯೋಟೊ, ನಾರಾ ಮತ್ತು ಕ್ಯೂಶೂ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಸಂಗ್ರಹಗಳನ್ನು ಅಲ್ಲಿ ಒಟ್ಟಿಗೆ ಹುಡುಕಬಹುದು. ಜಪಾನಿ, ಇಂಗ್ಲಿಷ್, ಚೀನೀ, ಕೊರಿಯನ್ ಭಾಷೆಗಳಲ್ಲಿ ಬಳಸಬಹುದು. ಮೂಲವನ್ನು ನಮೂದಿಸಿದರೆ ಅಲ್ಲಿನ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂಬುದನ್ನು ಪತ್ರಿಕೆಯವರು ವಿಶೇಷವಾಗಿ ಗಮನಿಸಬೇಕು. ಇವೇ ಸಂಸ್ಥೆಗಳ ‘ಇ-ಮ್ಯೂಸಿಯಂ’ನಲ್ಲಿ ರಾಷ್ಟ್ರೀಯ ನಿಧಿ ಎಂದೂ ಪ್ರಮುಖ ಸಾಂಸ್ಕೃತಿಕ ಆಸ್ತಿ ಎಂದೂ ಘೋಷಿತವಾದ ಕೃತಿಗಳನ್ನು ಬಲು ಹತ್ತಿರದಿಂದ ನೋಡಬಹುದು. ಗ್ರಂಥಾಲಯಗಳು, ಪತ್ರಾಗಾರಗಳು, ವಿಶ್ವವಿದ್ಯಾಲಯಗಳನ್ನೆಲ್ಲ ಒಟ್ಟಿಗೆ ಜಾಲಾಡಲು 2020ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ಆರಂಭವಾದ ‘ಜಪಾನ್ ಸರ್ಚ್’ ಇದೆ. ಅದನ್ನು ನಡೆಸುತ್ತಿರುವುದು ಅಲ್ಲಿನ ಸಂಸತ್ತಿನ ರಾಷ್ಟ್ರೀಯ ಗ್ರಂಥಾಲಯ.

ಈ ತಾಣಗಳು ವಿಡಿಯೊಗಳಷ್ಟು ಮನರಂಜನೆ ನೀಡುವುದಿಲ್ಲವೆಂದು ಕೆಲವರು ಹೇಳಬಹುದು. ಒಡೆದ ಪಾತ್ರೆಯನ್ನು ಚಿನ್ನದಿಂದ ಬೆಸೆಯುವ ಕಿಂತ್ಸುಗಿಯ ವಿಡಿಯೊಗಳಂತೂ ಈಗ ಎಲ್ಲೆಲ್ಲೂ ಇವೆ, ಬದುಕಿನ ಬಿರುಕುಗಳ ಬಗ್ಗೆ ಒಂದು ಉಪದೇಶದ ಸಮೇತ. ಅವುಗಳಲ್ಲಿ ಬಹಳಷ್ಟು ವಿಡಿಯೊಗಳು ಹೇಳುವ ಕಥೆ ಹೀಗಿದೆ: ಹದಿನೈದನೆಯ ಶತಮಾನದ ಶೋಗುನ್ (ಸೇನಾಧಿಪತಿಯಾಗಿ ಆಳುತ್ತಿದ್ದವ) ಅಶಿಕಾಗ ಯೊಶಿಮಸನ ಒಂದು ಬಟ್ಟಲು ಬಿರುಕು ಬಿಟ್ಟಿತು, ಅದನ್ನು ಚೀನಾಕ್ಕೆ ಕಳಿಸಿದರೆ ಒರಟಾದ ಲೋಹದ ಕೊಂಡಿಗಳನ್ನು ಹಾಕಿ ಹಿಂದಿರುಗಿಸಿದರು, ಅದರಿಂದ ಬೇಸತ್ತ ಜಪಾನೀಯರು ಚಿನ್ನದ ಬೆಸುಗೆಯನ್ನು ಕಂಡುಹಿಡಿದರು. ಆ ಬಟ್ಟಲು ಎಂದು ಐತಿಹ್ಯ ಹೇಳುವ ‘ಬಕೋಹನ್’ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ, ಅದರ ಚಿತ್ರ ಮೇಲೆ ಹೇಳಿದ ತಾಣಗಳಲ್ಲಿದೆ. ಚೀನಾದ ಲುಂಗ್‌ಚುವಾನ್ ಗೂಡುಗಳಲ್ಲಿ ಬೆಂದ ತಿಳಿಹಸಿರು ಬಟ್ಟಲು ಅದು. ಹಿಗ್ಗಿಸಿ ನೋಡಿದರೆ ಚಿನ್ನದ ಸುಳಿವೇ ಇಲ್ಲ. ಬಿರುಕಿನ ಉದ್ದಕ್ಕೂ ಕೊಂಡಿಗಳು ಹಾಗೆಯೇ ಕುಳಿತಿವೆ. ಅವು ಮಿಡತೆಗಳಂತೆ ಕಾಣುತ್ತವೆಂದೇ ಬಟ್ಟಲಿಗೆ ಆ ಹೆಸರು ಬಂದದ್ದು. ಬೇಸತ್ತು ಎಸೆಯುವ ಬದಲು ಆ ಕೊಂಡಿಗಳಿಗಾಗಿಯೇ ಅದನ್ನು ಮೆಚ್ಚಿ, ಹೆಸರಿಟ್ಟು, ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ವಿಡಿಯೊದ ಕಥೆಗಿಂತ ಇದೇ ನನಗೆ ಹೆಚ್ಚು ಹಿಡಿಸಿತು. ಅಂದಹಾಗೆ, ನಿಜವಾದ ಕಿಂತ್ಸುಗಿಯಲ್ಲಿ ಚೂರುಗಳನ್ನು ಹಿಡಿದಿಡುವುದು ಚಿನ್ನವಲ್ಲ, ‘ಉರುಶಿ’ ಮರದ ರಸ. ಅದು ತೇವದ ಗಾಳಿಯಲ್ಲಿ ವಾರಗಟ್ಟಲೆ ಗಟ್ಟಿಯಾಗಬೇಕು, ಹಸಿಯಾಗಿದ್ದಾಗ ಚರ್ಮಕ್ಕೆ ತಾಕಿದರೆ ತುರಿಕೆಯ ಗುಳ್ಳೆಗಳೇಳುತ್ತವೆ. ಚಿನ್ನದ ಪುಡಿಯನ್ನು ಉದುರಿಸುವುದು ಕೊನೆಯ ಹಂತದಲ್ಲಿ. ಅರ್ಧ ಗಂಟೆಯಲ್ಲಿ ಮುಗಿಯುವ ಎಪಾಕ್ಸಿ ಅಂಟಿನ ಕೆಲಸಕ್ಕೆ ಬೇರೆ ಹೆಸರು ಹುಡುಕಿಕೊಳ್ಳುವುದು ಒಳ್ಳೆಯದು.

ಕೆಲವು ಕೃತಿಗಳನ್ನಂತೂ ಅವುಗಳ ಹಿಂದಿನ ರೂಪದಲ್ಲಿ ಇಂದು ಚಿತ್ರಗಳಲ್ಲಿ ಮಾತ್ರ ನೋಡಬಹುದು. ನಾರಾ ಪ್ರಾಂತದ ಹೋರ್ಯೂಜಿ ದೇವಾಲಯದ ಪ್ರಧಾನ ಮಂದಿರದ ಭಿತ್ತಿಚಿತ್ರಗಳು 1949ರ ಜನವರಿ 26ರಂದು ಬೆಂಕಿಗೆ ಸಿಕ್ಕಿ ಬಣ್ಣ ಕಳೆದುಕೊಂಡವು. ಆ ಆಘಾತದ ಫಲವಾಗಿಯೇ ಮರುವರ್ಷ, 1950ರಲ್ಲಿ, ಜಪಾನ್ ತನ್ನ ಸಾಂಸ್ಕೃತಿಕ ಆಸ್ತಿಗಳ ಸಂರಕ್ಷಣಾ ಕಾಯಿದೆಯನ್ನು ತಂದಿತು. ಅದೃಷ್ಟವಶಾತ್ 1935ರಲ್ಲೇ ಆ ಗೋಡೆಗಳನ್ನು ಭಾಗ ಭಾಗವಾಗಿ ಗಾಜಿನ ಫಲಕಗಳ ಮೇಲೆ ಛಾಯಾಚಿತ್ರ ತೆಗೆದಿಡಲಾಗಿತ್ತು. ಆ ಫಲಕಗಳನ್ನು ಸ್ಕ್ಯಾನ್ ಮಾಡಿ, ಗೋಡೆಯ ಮೇಲಿನ ಸಣ್ಣ ಬಿರುಕೂ ಕಾಣುವಂತೆ ಈಗ ಅಂತರ್ಜಾಲದಲ್ಲಿ ಇಡಲಾಗಿದೆ.

ಇನ್ನು ಪ್ರದರ್ಶನ ಕಲೆಗಳು. ಕೆಲವು ವರ್ಷಗಳ ಹಿಂದೆ ನಾನು ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕದ ಮುಖವಾಡಗಳ ಬಗ್ಗೆ ಕಲಿಸುವುದಾಗಿ ಹೇಳಿದ ಒಂದು ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿದೆ. ಪ್ರಮಾಣಪತ್ರವೂ ಬಂತು. ಆಮೇಲೆ ತಿಳಿದದ್ದೇನೆಂದರೆ, ಅದರ ಪಾಠಗಳ ಬಹುಭಾಗ ಜಪಾನ್ ಆರ್ಟ್ಸ್ ಕೌನ್ಸಿಲ್ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ ನೋ ಮತ್ತು ಕ್ಯೋಗೆನ್ ಎಂಬ ಹಾಸ್ಯನಾಟಕದ ಪರಿಚಯದ ಪುಟಗಳಿಂದ ಎತ್ತಿದ್ದು. ಆ ಸಂಸ್ಥೆ ಕಬುಕಿ ನಾಟಕಕ್ಕೂ ಬುನ್‌ರಾಕು ಗೊಂಬೆಯಾಟಕ್ಕೂ ಇಂಥದೇ ಪರಿಚಯಗಳನ್ನು ಸಿದ್ಧಪಡಿಸಿದೆ. ಹೊಸಬರು ಇವುಗಳನ್ನು ಬಿಟ್ಟು ಬೇರೆಲ್ಲೂ ದುಡ್ಡು ಸುರಿಯಬೇಕಾದ ಅಗತ್ಯವಿಲ್ಲ. ನೋ ಮುಖವಾಡಕ್ಕೆ ಭಾವವಿಲ್ಲವೆಂದು ದೂರುವವರು, ನಟ ಅದನ್ನು ತುಸು ಕೆಳಕ್ಕೆ ಬಾಗಿಸಿದಾಗ ಏನಾಗುತ್ತದೆಂದು ನೋಡಬೇಕು: ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಮುಖ ಮ್ಲಾನವಾಗುತ್ತದೆ. ಈ ಚಲನೆಗೆ ‘ಕುಮೊರಸು’, ಮೋಡ ಕವಿಸುವುದು, ಎಂದೇ ಹೆಸರು. ತುಸು ಮೇಲಕ್ಕೆತ್ತಿದರೆ ‘ತೆರಸು’, ಬೆಳಗಿಸುವುದು. ಅದೇ ಮರದ ತುಂಡು ನಸುನಗುತ್ತದೆ.

ಹಳೆಯ ಸುರುಳಿಗಳ ಚಿತ್ರಗಳು ಎಷ್ಟು ಸ್ಪಷ್ಟವಾಗಿದ್ದರೂ ಅವುಗಳಲ್ಲಿನ ಮೋಡಿ ಬರಹ ಓದಲು ಬಾರದಿದ್ದರೆ ಅರ್ಧ ಪ್ರಯೋಜನ ಮಾತ್ರ. ‘ಕುಝುಶಿಜಿ’ ಎನ್ನುವ ಈ ಬರಹವನ್ನು ಇಂದಿನ ಜಪಾನೀಯರಲ್ಲೇ ಬಹುಪಾಲು ಜನ ಓದಲಾರರು. 1900ರಲ್ಲಿ ಶಾಲೆಗಳಿಗೆ ಜಪಾನಿಯ ಉಚ್ಚಾರಾಧಾರಿತ ಲಿಪಿಯಾದ ಹಿರಗಾನದ ಅಕ್ಷರಗಳ ಒಂದೊಂದೇ ರೂಪವನ್ನು ನಿಗದಿಪಡಿಸಿದ ಮೇಲೆ ಹಳೆಯ ರೂಪಗಳು ಮರೆಯಾದವು. ಈ ಕೊರತೆ ನೀಗಲು ಅಲ್ಲಿನ ಮಾನವಿಕ ಮುಕ್ತ ದತ್ತಾಂಶ ಕೇಂದ್ರವು 2021ರಲ್ಲಿ ‘ಮಿವೊ’ ಎಂಬ ಉಚಿತ ಆ್ಯಪ್ ಹೊರತಂದಿತು. ಪುಟದ ಚಿತ್ರ ತೆಗೆದರೆ ಇಂದಿನ ಅಕ್ಷರಗಳು ಅದರ ಮೇಲೆ ಮೂಡುತ್ತವೆ. ತಪ್ಪುಗಳೂ ಇರುತ್ತವೆ, ಆದರೂ ಕತ್ತಲಲ್ಲಿ ಒಂದು ಹಣತೆ. ಆಧುನಿಕ ಸಾಹಿತ್ಯ ಓದಬಲ್ಲವರಿಗೆ 1997ರಿಂದ ಸ್ವಯಂಸೇವಕರು ಕಟ್ಟುತ್ತ ಬಂದ ‘ಅಒಝೊರ ಬುನ್‌ಕೊ’ ಎಂಬ ಅಂತರ್ಜಾಲ ಗ್ರಂಥಾಲಯ ಇದೆ. ನತ್ಸುಮೆ ಸೋಸೆಕಿ, ಅಕುತಗಾವ ಮೊದಲಾದವರ ಕೃತಿಗಳು ಅಲ್ಲಿ ಉಚಿತ. 2018ರ ಕೊನೆಯಲ್ಲಿ ಜಪಾನ್ ಕೃತಿಸ್ವಾಮ್ಯದ ಅವಧಿಯನ್ನು ಲೇಖಕರ ಮರಣಾನಂತರ 50 ವರ್ಷದಿಂದ 70ಕ್ಕೆ ಏರಿಸಿದ್ದರಿಂದ, 1968ರಲ್ಲಿ ತೀರಿಕೊಂಡ ಲೇಖಕರ ಕೃತಿಗಳಿಗಾಗಿ 2039ರವರೆಗೆ ಕಾಯಬೇಕಾಗಿದೆ. ಭಾಷೆಯನ್ನೇ ಮೊದಲಿನಿಂದ ಕಲಿಯುವವರಿಗೆ ಜಪಾನ್ ಫೌಂಡೇಶನ್ನಿನ ‘ಮಿನಾತೊ’ ಮತ್ತು ‘ಇರೊದೊರಿ’ ಎಂಬ ಆನ್‌ಲೈನ್ ಪಾಠಗಳು ಸಾಕಷ್ಟಾಯಿತು.

ಭಾಷೆಯ ಮಾತು ಬಂದದ್ದರಿಂದ ಪತ್ರಿಕೆಯವರ ಮುಂದೆ ಇನ್ನೊಂದು ವಿಷಯ ಇಡಬೇಕು. ಜಪಾನಿ ಹೆಸರುಗಳನ್ನು ನಾವು ಇಂಗ್ಲಿಷಿನ ಮೂಲಕ ತಂದು ಕೆಡಿಸುತ್ತಿದ್ದೇವೆ. ಜಪಾನಿಯಲ್ಲಿ ಹ್ರಸ್ವ ದೀರ್ಘಗಳ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಒತ್ತಕ್ಷರವೂ ಹಾಗೆಯೇ: ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರಗಳಿಗೆ ದೀರ್ಘ ತೋರಿಸಲು ತಲೆಯ ಮೇಲೊಂದು ಗೆರೆ ಬೇಕು, ಅದನ್ನೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಎ, ಏ, ಒ, ಓ ಎಲ್ಲವೂ ಬೇರೆ ಬೇರೆಯಾಗಿ ಇವೆ, ಒತ್ತಕ್ಷರವೂ ಇದೆ. ಟೋಕಿಯೊ ಎಂಬ ರೂಢಿ ಕೈಬಿಡಲು ನನಗೂ ಆಗದು (ಮೂಲದಲ್ಲಿ ಅದು ‘ತೋಕ್ಯೋ’), ಆದರೆ ಹೊಸದಾಗಿ ಬರುವ ಹೆಸರುಗಳನ್ನಾದರೂ ಮೂಲದ ಉಚ್ಚಾರ ಕೇಳಿ ಬರೆಯಬಹುದಲ್ಲವೇ?

ಪರದೆಯ ಮೂಲಕ ಎಲ್ಲವೂ ಬರುತ್ತದೆಂದು ನಾನು ವಾದಿಸುತ್ತಿಲ್ಲ. ಚಹಾ ವಿಧಿಯನ್ನು ಗುರುವಿನ ಎದುರು ಕುಳಿತೇ ಕಲಿಯಬೇಕು. ಅದರಲ್ಲೂ ಪಂಥಭೇದಗಳಿವೆ: ಉರಸೆಂಕೆ ಪಂಥದವರು ಬಟ್ಟಲಿನ ಮೇಲ್ಭಾಗವೆಲ್ಲ ನೊರೆ ತುಂಬುವಂತೆ ಕಡೆದರೆ, ಒಮೊತೆಸೆಂಕೆ ಪಂಥದವರು ಅರ್ಧಚಂದ್ರದಷ್ಟು ಜಾಗದಲ್ಲಿ ನೊರೆಯಿಲ್ಲದೆ ಚಹಾದ ಬಣ್ಣ ಕಾಣುವಂತೆ ಬಿಡುತ್ತಾರೆ. ಯಾವ ಪಂಥವೆಂದು ಹೇಳದೆ ‘ಸರಿಯಾದ ಕ್ರಮ ಇದೇ’ ಎಂದು ಆರಂಭವಾಗುವ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಿ, ಆಯಾ ಪಂಥದವರೇ ಇಂಗ್ಲಿಷಿನಲ್ಲಿ ನಡೆಸುವ ಜಾಲತಾಣಗಳನ್ನು ನೋಡುವುದು ಮೇಲು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಮುಂದೆ ಇಂಥ ಲೇಖನ ಪ್ರಕಟಿಸುವಾಗ ಚಿತ್ರದಡಿಯಲ್ಲಿ ಅದರ ಹೆಸರು, ಕಾಲ ಮತ್ತು ಅದು ಇರುವ ಸಂಗ್ರಹವನ್ನು ನಮೂದಿಸಿ, ಓದುಗರನ್ನು ಅಂತರ್ಜಾಲವೆಂಬ ಬಯಲಿನಲ್ಲಿ ಬಿಟ್ಟುಬಿಡದೆ ಎರಡು ಮೂರು ತಾಣಗಳ ಹೆಸರನ್ನು ಕೊಡಿ. ಭಾನುವಾರದ ಅಡಿಬರಹಕ್ಕೆ ತಿದ್ದುಪಡಿ ಪ್ರಕಟಿಸುವುದಾದರೆ, ಆ ಅಲೆ ಯಾವ ಸಂಗ್ರಹದ ಪ್ರತಿಯೆಂಬುದನ್ನೂ ಪತ್ತೆಮಾಡಿ ತಿಳಿಸಿರೆಂದು ಕೋರುತ್ತೇನೆ. ಪತ್ರಿಕೆಯ ಕಾಗದದ ಮೇಲೂ ಹೆಸರಿನ ಚೌಕಟ್ಟಿನ ಗೆರೆ ತುಂಡಾಗಿರುವುದು ನನಗೆ ಭೂತಗನ್ನಡಿಯಲ್ಲಿ ಕಂಡಿತು. ಅದು ಅಚ್ಚು ಸವೆದ ಮೇಲೆ ತೆಗೆದ ಪ್ರತಿಯೇ ಇರಬೇಕು.

ಇತಿ,
ತಮ್ಮ ವಿಶ್ವಾಸಿ,
ಪತ್ರಿಕೆಯ ಒಬ್ಬ ಓದುಗ