ದೋಸ್ತ, ನಿಮ್ಮ ಅತ್ತಿಯವರು ಕೇಳಿದ ಆ ಚಾವಿ ಮಾತಿಗೆ

ದೋಸ್ತ,

ಹೆಂಗದಿಯಪಾ. ಹೋದ ವಾರ ಫೋನಿನ್ಯಾಗ ಹೇಳಿದ್ಯಲ್ಲ, ನಿಮ್ಮ ಸೋದರತ್ತಿನ್ನ ವೃದ್ಧಾಶ್ರಮ ತೋರ್ಸಾಕ ಕರ್ಕೊಂಡು ಹೋದ್ರ ಅವರು ಒಂದೇ ಮಾತು ಕೇಳಿದ್ರು ಅಂತ, "ಇಲ್ಲಿ ನನ್ನ ಖೋಲಿ ಚಾವಿ ಯಾರ ಕೈಯಾಗ ಇರ್ತದ?" ಅಂತ, ಕೇಳಿ ಗೇಟಿನಿಂದನೇ ವಾಪಸ್ ಬಂದ್ರು ಅಂತ. ಆ ಮಾತು ನನ್ನ ತಲ್ಯಾಗ ಕುಂತುಬಿಟ್ಟದ. ವಾಟ್ಸಾಪಿನ್ಯಾಗ ಬರ್ಯಾಕ ಉದ್ದ ಆಗ್ತದಂತ ಪತ್ರಾನೇ ಬರದೀನಿ, ಎಲ್ಲಾರೂ ಓದೋಹಂಗ ಇಲ್ಲೇ ಹಾಕೀನಿ, ಯಾಕಂದ್ರ ನಮ್ಮ ಬ್ಯಾಚಿನವರ ಭಾಳ ಮನ್ಯಾಗ ಈಗ ಇದೇ ಮಾತು ನಡದದ.

ನೆದರ್ಲ್ಯಾಂಡ್ಸಿನ್ಯಾಗ ನಾ ಇರೋ ಹಾರ್ಲೆಮ್ ಊರಾಗ ಸ್ಪಾರ್ನ ನದಿ ದಂಡಿಗೆ ಒಂದು ಕಟ್ಟಡ ಅದ. ಮುಂದ ದಪ್ಪ ದಪ್ಪ ಕಂಬ, ಹೊರಗಿಂದ ನೋಡಿದ್ರ ಕೋರ್ಟ್ ಇರಬೇಕು ಅನ್ನಸ್ತದ. ಒಳಗ ಹೋದ್ರ ನಮ್ಮ ಕಡೆ ವಾಡೆದಾಗ ಇರ್ತದಲ್ಲ ಅಂಗಳ, ಹಂಗ ನಡುವ ತೋಟ, ಸುತ್ತಾಲೆ ಸಣ್ಣ ಸಣ್ಣ ಮನಿ, 24 ಮನಿ. ಇಂಥಾ ಜಾಗಾಕ್ಕ ಇಲ್ಲಿಯವರು ಹೊಫ್ಯೆ ಅಂತಾರ. ಇದು ಟೈಲರ್ಸ್ ಹೊಫ್ಯೆ, 1787ರಾಗ ವಯಸ್ಸಾದ ಒಂಟಿ ಹೆಣ್ಮಕ್ಕಳಿಗಂತ ಕಟ್ಟಿಸಿದ್ದು, ಲೇಂದರ್ಟ್ ಫೀರ್ವಾಂಟ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು. ಈಗ್ಲೂ ಅಲ್ಲಿ ಜನ ಅದಾರ, ಅದಕ್ಕ ಒಳಗ ಹೋದವರು ಗದ್ದಲ ಮಾಡಬಾರ್ದು.

ರೊಕ್ಕ ಇಟ್ಟವರು ಪೀಟರ್ ಟೈಲರ್ ಫಾನ್ ಡರ್ ಹುಲ್ಸ್ಟ್, ರೇಷ್ಮೆ ವ್ಯಾಪಾರದ ಮನಿತನ, ಆಮ್ಯಾಲ ಬ್ಯಾಂಕರ್, ಮೆನ್ನೊನೈಟ್ ಮನುಷ್ಯ. ಮೆನ್ನೊನೈಟ್ ಅನ್ನೋ ಕ್ರೈಸ್ತ ಪಂಥ ನಿಂಗೇನ್ ಹೊಸಾದಲ್ಲ, ರಾಯಚೂರಿಂದ ಹೈದರಾಬಾದಿಗೆ ಹೋಗುವಾಗ ಜಡ್ಚರ್ಲಾದಾಗ ಎಂಬಿ ದವಾಖಾನಿ ಬರ್ತದಲ್ಲ, ಆ ಎಂಬಿ ಅಂದ್ರ ಮೆನ್ನೊನೈಟ್ ಬ್ರದರನ್. ಅದು ರಷ್ಯಾ, ಅಮೆರಿಕ ಎಲ್ಲಾ ಸುತ್ತಿ ಬಂದ ಕವಲು, ಆದ್ರ ಹೆಸರು ಹೊಂಟಿದ್ದು ಇದೇ ದೇಶದಿಂದ. ಮೆನ್ನೊ ಸೈಮನ್ಸ್ ಅನ್ನೋ ಪಾದ್ರಿ 1536ರಾಗ ಕ್ಯಾಥೊಲಿಕ್ ಚರ್ಚ್ ಬಿಟ್ಟು ಹೊರಗ ಬಂದ್ರು. ಕೂಸಿಗೆ ದೀಕ್ಷಾಸ್ನಾನ ಬ್ಯಾಡ, ತಿಳುವಳಿಕಿ ಬಂದ ಮ್ಯಾಲ ತಾನೇ ಕೇಳಿ ತಗೋಬೇಕು, ಆಯುಧ ಹಿಡೀಬಾರ್ದು, ಆಣೆ ಮಾಡಬಾರ್ದು, ಇವು ಅವರ ನಂಬಿಕಿ. ಇದಕ್ಕಂತಲೇ ಭಾಳ ಮಂದಿನ್ನ ಸುಟ್ಟು, ನೀರಾಗ ಮುಳುಗ್ಸಿ ಕೊಂದ್ರು. ಮುಂದ ಡಚ್ಚರ ರಾಜ್ಯ ಆದ ಮ್ಯಾಲ ಕೊಲ್ಲೋದು ನಿಂತ್ರೂ ಸರ್ಕಾರಿ ಹುದ್ದೆ ಸಿಗ್ತಿದ್ದಿಲ್ಲ, ಚರ್ಚ್ ಸೈತ ಬೀದಿಗೆ ಕಾಣದಂಗ ಮನಿಗಳ ಹಿಂದ ಕಟ್ಟಬೇಕಿತ್ತು. ಹುದ್ದೆ ಇಲ್ಲಂದ್ಮ್ಯಾಲ ಭಾಳ ಮಂದಿ ವ್ಯಾಪಾರಕ್ಕಿಳದ್ರು, ಕೆಲವರು ದೊಡ್ಡ ಸಾಹುಕಾರ ಆದ್ರು. ಇನ್ನೊಂದು ಏನಂದ್ರ, ನಿಮ್ಮ ಪಂಥದ ಬಡವರನ್ನ ನೀವೇ ನೋಡ್ಕೋರಿ ಅನ್ನೋ ರೂಢಿ ಇತ್ತು, ಹಂಗಾಗಿ ಮುದುಕಿಯರಿಗೆ ಮನಿ ಕಟ್ಟೋದು ಅವರಿಗೆ ಪುಣ್ಯದ ಮಾತಷ್ಟೇ ಅಲ್ಲ, ಹೊಣಿ ಆಗಿತ್ತು. ಇದೇ ಊರಾಗ ಬ್ರೌನಿಂಗ್ಸ್ ಹೊಫ್ಯೆ ಅಂತ 1610ರಷ್ಟು ಹಳೇ ಮೆನ್ನೊನೈಟರದೂ ಒಂದದ. ಆಮ್ಸ್ಟರ್‌ಡ್ಯಾಮಿನ ಪ್ರಿನ್ಸನ್ ಕಾಲುವೆ ಮ್ಯಾಲ 1765ರ ಝೋನ್ಸ್ ಹೊಫ್ಯೆ ಅದ, ಅಲ್ಲಿ ಈಗ ಓದೋ ಹುಡುಗ್ಯಾರು ಅದಾರ.

ಟೈಲರ್ ದಂಪತಿಗೆ ಮಕ್ಕಳಿರ್ಲಿಲ್ಲ. ಹೆಂಡ್ತಿ 1754ರಾಗ ತೀರ್ಕೊಂಡ್ರು, ಎರಡು ವರ್ಷಕ್ಕ ಇವರು ಮೃತ್ಯುಪತ್ರ ಬರದ್ರು, ಆಸ್ತಿಯೆಲ್ಲಾ ಬಡವರಿಗೆ, ಕಲೆಗೆ, ವಿಜ್ಞಾನಕ್ಕ ಅಂತ. 1778ರಾಗ ಇವರೂ ಹೋದ್ರು. ಆ ರೊಕ್ಕದಾಗ 1784ಕ್ಕ ತೆರೆದ ಮ್ಯೂಸಿಯಂ ನೋಡಾಕ ದೇಶದೇಶದಿಂದ ಮಂದಿ ಬರ್ತಾರ, ಅಲ್ಲಿಂದ ನಡಕೊಂಡು ಹೋಗೋವಷ್ಟು ದೂರದಾಗಿರೋ ಈ ಅಂಗಳಕ್ಕ ಬರೋವರು ಕಮ್ಮಿ. ನನಗ ಮಾತ್ರ ಅಂಗಳಾನೇ ದೊಡ್ಡದು ಅನ್ನಸ್ತದ, ಯಾಕಂದ್ರ ಬರೇ ಕಟ್ಟಡಕ್ಕಷ್ಟೇ ರೊಕ್ಕ ಇಟ್ಟು ಕೈ ತೊಳಕೊಳ್ಳಲಿಲ್ಲ, ಟ್ರಸ್ಟ್ ಮಾಡಿ ಗಂಟು ಇಟ್ಟು ಹೋದ್ರು, ಅದಕ್ಕೇ ಇನ್ನೂ ನಡದದ. ನಮ್ಮಲ್ಲಿ ಕಲ್ಲಿನ ಮ್ಯಾಲ ಹೆಸರು ಕೆತ್ತಿಸ್ತೀವಿ, ಮಾಳಿಗಿ ಸೋರಿದ್ರ ರಿಪೇರಿಗೆ ಯಾರ ಹತ್ರನೂ ರೊಕ್ಕ ಇರಂಗಿಲ್ಲ.

ಎಲ್ಲಾ ಚಂದ ಇತ್ತಂತ ನಾ ಹೇಳಂಗಿಲ್ಲ. ಹಳೇ ಹೊಫ್ಯೆಗಳೊಳಗ ತಮ್ಮ ಪಂಥದವರಿಗೇ ಜಾಗ, ನಡತಿ ಸರಿ ಇರಬೇಕು, ರಾತ್ರಿ ದೊಡ್ಡ ಬಾಗಿಲಾ ಹಾಕಿಬಿಡ್ತಿದ್ರು. ಭಾಳ ಕಡೆ ರೊಟ್ಟಿ, ಬೆಣ್ಣಿ, ಚಳಿಗೆ ಉರಸಾಕ ಪೀಟ್ ಮಣ್ಣು ಇವೆಲ್ಲಾ ಕೊಡ್ತಿದ್ರು ಖರೇ, ಆದ್ರ ಕೊಡೋವರ ಮಾತೂ ಕೇಳಬೇಕಿತ್ತು. ಆ ಜಾತಿ-ಪಂಥದ ಕಟ್ಟು ನಮಗ ಬ್ಯಾಡ.

ಆದ್ರೂ ದೋಸ್ತ, ಸಾಲು ಸಾಲು ಮಂಚ ಹಾಕಿದ ಹಾಲ್ ಅಲ್ಲ ಅದು. ಒಬ್ಬೊಬ್ಬರಿಗೂ ಅವರದೇ ಹೊಸ್ತಿಲಾ, ಅವರದೇ ಒಲಿ, ಅವರದೇ ಕಿಟಕಿ. ಬಾಗಿಲಾ ಹಾಕ್ಕೊಂಡ್ರ ಒಬ್ಬರೇ, ತೆಗದ್ರ ಎದುರಿಗೆ ಗೆಳತ್ಯಾರು. ನಿಮ್ಮ ಅತ್ತಿಯವರು ಕೇಳಿದ್ದೂ ಇದನ್ನೇ ಅಲ್ಲೇನು?

ನಿಮ್ಮ ಹಳೇ ವಾಡೆ ಹಿಂದಿನ ಆರು ಖೋಲಿ ಖಾಲಿ ಅವ, ಗೋದಾಮಿಗೆ ಬಾಡಿಗಿ ಕೊಡ್ಬೇಕಂತಿದ್ದಿ. ಸ್ವಲ್ಪ ತಡಿ. ಒಂದೊಂದು ಖೋಲಿಗೂ ಬೇರೆ ಬಚ್ಚಲಾ ತೆಗಿಯಾಕ ಆಗ್ತದೇನು ಅಂತ ಗೌಂಡಿನ್ನ ಕರಸಿ ಕೇಳು. ಅತ್ತಿಯವರನ್ನ ಮೊದ್ಲು ಕೇಳು, ಯಾವ ಖೋಲಿ ಬೇಕು, ಬಾಜೂಕ ಯಾರಿರಬೇಕು ಅಂತ. ದೀಪಾವಳಿಗೆ ಬರ್ತೀನಿ, ಟೇಪ್ ಹಿಡ್ಕೊಂಡು ಇಬ್ಬರೂ ಅಳತಿ ತಗೊಳ್ಳೋಣು.

ನಿನ್ನ ದೋಸ್ತ