ಕಣ್ಣು ಕೊಯ್ದು ನೋಡೋ ದ್ರಾಕ್ಷಿ

ಎಲ್ಲಾರಿಗೂ ನಮಸ್ಕಾರ್ರಿ. ಈ ಸಲದ ಸಂಪಾದಕೀಯ ಧಾರವಾಡದಿಂದ ಬರೀತಿದ್ದೇನಿ, ರಜಾ ಹಾಕಿ ಬಂದು ಹತ್ತು ದಿನ ಆತು, ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ಮೊಬೈಲಿನ್ಯಾಗ ಟೈಪ್ ಮಾಡಾಕತ್ತೇನಿ. ಬರೂ ಮುಂಚೆ ಸಂಘದ ಮೀಟಿಂಗಿನ್ಯಾಗ ಪಿಕ್ನಿಕ್ಕಿಗೆ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಕಡೆ ದ್ರಾಕ್ಷಿ ತ್ವಾಟಕ್ಕ ಹೋಗೂಣು ಅಂತ ಮಾತು ಬಂದಾಗ, ಒಂದಿಬ್ಬರು ಹಿರಿಯರು "ಮಕ್ಕಳನ್ನ ಕರಕೊಂಡು ವೈನರಿಗೆ ಹೋಗೂದೇನ್ರಿ" ಅಂತ ಬ್ಯಾಸರ ಮಾಡಿಕೊಂಡ್ರು. ಅವರು ಅಂದಿದ್ದು ನನಗ ತಿಳಿತೈತಿ, ನಮ್ಮ ಮನ್ಯಾಗೂ ಯಾರೂ ಕುಡಿಯೂದಿಲ್ಲ. ಆದ್ರ ನಿನ್ನೆ ಇದೇ ಕಟ್ಟಿ ಮ್ಯಾಲೆ ನಡೆದ ಮಾತು ನಿಮಗೂ ಹೇಳಬೇಕು ಅನಸ್ತು.

ನಮ್ಮ ಅಕ್ಕನ ಗಂಡ, ಮಾಮಾ, ಬಿಜಾಪುರದ ತಿಕೋಟಾ ಕಡೆಯವರು, ಥಾಮ್ಸನ್ ಅನ್ನೂ ತಳಿ ದ್ರಾಕ್ಷಿ ಪಡ ಐತಿ, ಮಣೂಕ (ಒಣದ್ರಾಕ್ಷಿ) ಮಾಡತಾರ. ನಾನು ಫಿಂಗರ್ ಲೇಕ್ಸಿನ ಸೆನೆಕಾ ಕೆರಿ ದಂಡಿ ತ್ವಾಟದ ಫೋಟೋ ತೋರಿಸಿದೆ, ಎಲ್ಲಾ ಬರೇ ಹಿಮ, ನಡುವ ಒಣಗಿದ ಕಡ್ಡಿ. "ಸತ್ತಾವೇನಪಾ ಎಲ್ಲಾ?" ಅಂದ್ರು. ಇಲ್ರಿ ಮಾಮಾ, ಮಲಗ್ಯಾವ ಅಂದೆ.

ಆಮ್ಯಾಲೆ ಎರಡು ತಾಸು ಮಾತು ನಿಲ್ಲಲೇ ಇಲ್ಲ. ನಮ್ಮ ಕಡೆ ಬಳ್ಳಿ ಮಲಗೂದೇ ಇಲ್ಲಲ್ರಿ, ಅದಕ್ಕ ಏಪ್ರಿಲ್ ಚಾಟ್ನಿ (ಕಡ್ಡಿ ಕತ್ತರಸೂದು), ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕ ಎರಡು ಸಲ ಕತ್ತರಿ ಹಾಕಿ ಒಂದು ಬೆಳಿ ತಗೀತಾರ. ಅಲ್ಲಿ ಚಳಿಗಾಲದಾಗ ಒಂದೇ ಚಾಟ್ನಿ, ಅದೂ ಹಿಮದಾಗ ನಿಂತು. ಕತ್ತರಿ ಹಾಕೂ ಮುಂಚೆ ಒಂದಿಷ್ಟು ಕಡ್ಡಿ ತಂದು ಅದರ ಕಣ್ಣು, ಅಂದ್ರ ಚಿಗುರು ಒಡಿಯೂ ಮೊಗ್ಗು, ಬ್ಲೇಡಿನಿಂದ ಕೊಯ್ದು ನೋಡತಾರ, ಒಳಗ ಹಸರ ಇದ್ರ ಜೀವಂತ, ಕಂದು ಆಗಿದ್ರ ಥಂಡಿಗೆ ಸತ್ತೈತಿ. ಎಷ್ಟು ಸತ್ತಾವ ಅಂತ ಲೆಕ್ಕಾ ಹಾಕಿ ಅಷ್ಟು ಕಣ್ಣು ಜಾಸ್ತಿ ಬಿಡತಾರ. ಮಾಮಾ ಇದಕ್ಕ ಎದ್ದು ಕುಂತ್ರು. "ನಾವೂ ಅಕ್ಟೋಬರ್ ಚಾಟ್ನಿಗಿಂತ ಮೊದಲು ಕಣ್ಣು ಟೆಸ್ಟಿಂಗಿಗೆ ಕಳಸತೀವಿ, ಆದ್ರ ಒಳಗ ಗೊನಿ ಐತೋ ಇಲ್ಲೋ ನೋಡಾಕ" ಅಂದ್ರು. ಅವರು ಸಾವು ಎಣಸತಾರ, ಇವರು ಗೊನಿ ಎಣಸತಾರ, ಕೊಯ್ಯೂದು ಮಾತ್ರ ಅದೇ ಕಣ್ಣು.

ಅಷ್ಟು ಥಂಡ್ಯಾಗ ದ್ರಾಕ್ಷಿ ಹೆಂಗ ಅಂತ ಬಾಜೂಕ ಕುಂತಿದ್ದ ನಮ್ಮ ಕಾಕಾ ಕೇಳಿದ್ರು. ಕೆರಿ ಕಾಯತೈತಿ. ಸೆನೆಕಾ 188 ಮೀಟರ್ ಆಳ, ಬ್ಯಾಸಿಗಿ ಬಿಸಿ ಹಿಡಕೊಂಡು ಚಳಿಗಾಲಕ್ಕ ನಿಧಾನ ಬಿಡತೈತಿ, ಪೂರ್ತಿ ಹೆಪ್ಪುಗಟ್ಟೂದು ಭಾಳ ಅಪರೂಪ. ವಸಂತದಾಗ ಅದೇ ನೀರು ತಣ್ಣಗಿದ್ದು ಚಿಗುರು ತಡಾ ಮಾಡಸತೈತಿ, ಹಿಂಗಾಗಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡೂದು ಸ್ವಲ್ಪ ತಪ್ಪತೈತಿ. 2023ರ ಮೇ ತಿಂಗಳಾಗ ಒಂದು ರಾತ್ರಿ ಹಂಗ ಸುಟ್ಟು ಎಷ್ಟೋ ರೈತರ ಬೆಳಿ ಹೋತು, ಚಿಗುರು ಆಗಲೇ ಬಂದಿತ್ತು ಪಾಪ. ಕೆರಿ ದಂಡಿಗೆ ಒಂದು ಥರ, ಮ್ಯಾಲೆ ದಿಬ್ಬದಾಗ ಇನ್ನೊಂದು ಥರ. ಕಾಕಾಗ ಇದು ಬಿಡಿಸಿ ಹೇಳೂದೇ ಬೇಕಾಗಲಿಲ್ಲ, "ಧಾರವಾಡದಾಗ ಮಳಿ ಹೊಡೀತಿದ್ರ ನವಲಗುಂದದಾಗ ಧೂಳು, ಅಲ್ಲಿ ಎರಿ ಮಣ್ಣು, ಇಲ್ಲಿ ಮಸಾರಿ ಮಣ್ಣು, ನವಲೂರ ಪ್ಯಾರಲ ಹಣ್ಣು ನವಲೂರಾಗೇ ರುಚಿ" ಅಂದುಬಿಟ್ರು.

ಮೊದಲು ಅಲ್ಲಿ ಕಾಂಕಾರ್ಡ್, ಕಟಾಬಾದಂಥ ಅಮೆರಿಕಾದ ತಳಿನೇ ಜಾಸ್ತಿ. (ಕಾಂಕಾರ್ಡ್ ವಾಸನಿ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ವಾಸನಿಗೆ ಹತ್ತಿರ, ತಿಂದ್ರ ಗೊತ್ತಾಗತೈತಿ.) ಯುರೋಪಿನ ತಳಿ ಈ ಥಂಡ್ಯಾಗ ಬದುಕೂದಿಲ್ಲ ಅಂತಿದ್ರು. ಉಕ್ರೇನ್ ಮೂಲದ, 1951ರಾಗ ಅಮೆರಿಕಾಕ್ಕ ಬಂದ ಡಾ. ಕಾನ್‌ಸ್ಟಾಂಟಿನ್ ಫ್ರಾಂಕ್, ಸರಿಯಾದ ಬೇರುಕಾಂಡಕ್ಕ (ಕಸಿಗೆ ಬುಡ ಆಗೂ ಬ್ಯಾರೆ ಬಳ್ಳಿಗೆ) ಕಸಿ ಕಟ್ಟಿದ್ರ ಬದುಕತೈತಿ ಅಂತ ಹಟ ಹಿಡದು ಮಾಡಿ ತೋರಿಸಿ, 1962ರಾಗ ಸ್ವಂತ ವೈನರಿ ಹಾಕಿದ್ರು. ಈಗ ಅಲ್ಲಿ ರೀಸ್ಲಿಂಗ್ ಅನ್ನೂ ವೈನ್ ದ್ರಾಕ್ಷಿ ಹೆಸರುವಾಸಿ, ಹಣ್ಣು ನಿಧಾನ ಮಾಗತೈತಿ, ಹುಳಿ ಉಳೀತೈತಿ, ಆ ಹುಳಿನೇ ವೈನಿಗೆ ಜೀವ. ಮಾಮಾಗ ಮಣೂಕಕ್ಕ ಸಕ್ರಿ ಬೇಕು, ಅವರಿಗೆ ಹುಳಿ ಬೇಕು. ಕಸಿ ಕಟ್ಟಿದ ಜಾಗಾ ಥಂಡಿಗೆ ಸಾಯಬಾರದು ಅಂತ ಚಳಿಗಾಲಕ್ಕ ಮುಂಚೆ ಬುಡಕ್ಕ ಮಣ್ಣು ಏರಸತಾರ, ವಸಂತದಾಗ ತಗೀತಾರ. "ಬಟಾಟಿಗೆ ಏರಿಸಿದಂಗ!" ಅಂತ ಕಾಕಾ.

ಒಂದು ಹನಿ ಕುಡೀಲಾರದ ಇಬ್ಬರು ರೈತರು ವೈನ್ ದ್ರಾಕ್ಷಿ ಬಗ್ಗೆ ಇಷ್ಟು ಕೇಳಿದ್ರು. ಹಿಂಗಾಗಿ ನಾನು ಕಮಿಟಿಗೆ ಕೇಳಕೊಳ್ಳೂದು, ಸೆಪ್ಟೆಂಬರ್ ಪಿಕ್ನಿಕ್ ಪಾರ್ಕಿನ್ಯಾಗೇ ಇರಲಿ, ಫೆಬ್ರುವರಿ ಕೊನೀ ಶನಿವಾರ ಚಾಟ್ನಿ ನೋಡಾಕ ಹೋಗೂಣು, ರುಚಿ ನೋಡೂದು ಏನೂ ಇಲ್ಲ, ಬರೇ ತ್ವಾಟ. ಊರಿಂದ ಬಂದಿರೋ ಅಪ್ಪ ಅವ್ವಂದಿರನ್ನ ತಪ್ಪದ ಕರಕೊಂಡು ಬರ್ರಿ, ಬೂಟು ಗಟ್ಟಿ ಇರಲಿ, ಹೆಸರು ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ರಿ. ಕೊಯ್ದ ಕಣ್ಣಿನ ವಿಡಿಯೋ ಮಾಮಾಗ ಕಳಸೂದೈತಿ, ಹಸರೋ ಕಂದೋ ತಾವೇ ಹೇಳತೇನಿ ಅಂದಾರ.